ನಾಲ್ಕರಿಂದ ಭಾಗವಾಗದ ಉಸಿರು

ಮಾರ್ಚ್ 4

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಇದರ ಜೊತೆಗೆ ಒಂದು ಸಂಶೋಧನಾ ಪ್ರಬಂಧ ಇಟ್ಟಿದ್ದೇನೆ. ಇಪ್ಪತ್ತೆರಡು ವರ್ಷದಿಂದ ಮಕ್ಕಳ ಡಾಕ್ಟರಾಗಿದ್ದರೂ ನಾನು ವೈದ್ಯ ಪತ್ರಿಕೆಯೊಂದಕ್ಕೆ ಬರೆಯುತ್ತಿರುವುದು ಇದೇ ಮೊದಲು. ಔಷಧಿ ಚೀಟಿ ಬಿಟ್ಟು ಬೇರೇನು ಬರೆಯಲು ಕೂತರೂ ನನಗೆ ಕೈಕಾಲು ಆಡುವುದಿಲ್ಲ. ಭಾಷೆಯ ತಪ್ಪುಗಳನ್ನು ಹೊಟ್ಟೆಗೆ ಹಾಕಿಕೊಳ್ಳಬೇಕು.

ನಮ್ಮದು ಆರು ತೊಟ್ಟಿಲಿನ ವಾರ್ಡು. ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳು ಇಲ್ಲಿಗೆ ಬರುತ್ತವೆ. ಕೆಲವು ಎಷ್ಟು ಚಿಕ್ಕವೆಂದರೆ ಮೈ ಒರೆಸಲು ಒಂದು ಬಟ್ಟಲು ನೀರು ಸಾಕು. ಉಸಿರು ಅಳೆಯುವ ಯಂತ್ರ ನಮ್ಮಲ್ಲಿಲ್ಲ. ಇರುವುದು ಗೋಡೆ ಗಡಿಯಾರ ಮತ್ತು ಹಗಲು ಪಾಳಿಯ ನರ್ಸ್. ಹನ್ನೆರಡು ವರ್ಷಗಳಲ್ಲಿ 1,140 ಮಕ್ಕಳ ಉಸಿರನ್ನು ದಿನಕ್ಕೆ ನಾಲ್ಕು ಸಲ ಎಣಿಸಿ ಬರೆದಿಟ್ಟಿದ್ದೇವೆ. ಒಟ್ಟು 41,236 ಎಣಿಕೆಗಳು; ಕಂಪ್ಯೂಟರಿಗೆ ಏರಿಸಿದ ಅವುಗಳ ಪಟ್ಟಿಯೂ ಜೊತೆಗಿದೆ. ಸೋಂಕು ತಗುಲಿದ ಮಗುವಿನ ಉಸಿರು, ಕಾಯಿಲೆ ನಮ್ಮ ಕಣ್ಣಿಗೆ ಬೀಳುವ ಆರು ಗಂಟೆ ಮೊದಲೇ ಏರತೊಡಗುತ್ತದೆ ಎಂಬುದು ನನ್ನ ವಾದ.

ಕಳೆದ ವರ್ಷ ನಮ್ಮಲ್ಲಿ ಸೋಂಕಿನಿಂದ ಒಂಬತ್ತು ಮಕ್ಕಳು ಹೋದವು. ಔಷಧಿ ಕಪಾಟಿನಲ್ಲೇ ಇತ್ತು, ನಾವು ತಡವಾದೆವು. ಇದು ನಿಮ್ಮ ಪತ್ರಿಕೆಯಲ್ಲಿ ಅಚ್ಚಾದರೆ ಯಂತ್ರವಿಲ್ಲದ ವಾರ್ಡುಗಳಲ್ಲೆಲ್ಲ ಹೀಗೆ ಎಣಿಸುವುದು ನಿಯಮವಾದೀತು ಎಂಬ ಆಸೆ ನನಗೆ. ಅದಕ್ಕಾಗಿಯೇ ಬರೆದಿದ್ದೇನೆ.

ಇತಿ,
ಮಕ್ಕಳ ವಾರ್ಡಿನ ವೈದ್ಯ


ಏಪ್ರಿಲ್ 19

ಡಾಕ್ಟರೇ,

ನಿಮ್ಮ ಪ್ರಬಂಧವನ್ನು ನಮ್ಮ ಪದ್ಧತಿಯಂತೆ ಇಬ್ಬರು ಪರಿಶೀಲಕರಿಗೆ ಕಳಿಸಿದ್ದೆ. ಅವರ ಹೆಸರು ನಿಮಗೆ, ನಿಮ್ಮ ಹೆಸರು ಅವರಿಗೆ ಗೊತ್ತಾಗುವುದಿಲ್ಲ. ಮೊದಲನೆಯವರು ಮೆಚ್ಚಿದ್ದಾರೆ, ಅಲ್ಪವಿರಾಮಗಳ ಬಗ್ಗೆ ಮಾತ್ರ ಎರಡು ಪುಟ ಬರೆದಿದ್ದಾರೆ. ಎರಡನೆಯವರದು ಒಂದೇ ಪ್ಯಾರಾ. ಅದನ್ನು ಇದ್ದಂತೆ ಇಳಿಸುತ್ತಿದ್ದೇನೆ:

"ಉಸಿರನ್ನು ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಲಾಯಿತು ಎಂದು ಲೇಖಕರು ಬರೆದಿದ್ದಾರೆ. ಹಾಗಿದ್ದರೆ ಪ್ರತಿ ಅಂಕಿಯೂ ನಾಲ್ಕರಿಂದ ಭಾಗವಾಗಬೇಕು. 44, 48, 52 ಸರಿ. ಆದರೆ 47, 51, 53 ಎಲ್ಲಿಂದ ಬಂದವು? 41,236 ಎಣಿಕೆಗಳಲ್ಲಿ ನಾಲ್ಕರಿಂದ ಭಾಗವಾಗುವವು 10,287 ಮಾತ್ರ. ಈ ಅಂಕಿಗಳು ಮಕ್ಕಳ ಎದೆಯಿಂದ ಬಂದವೋ, ಯಾರದೋ ತಲೆಯಿಂದ ಬಂದವೋ ಲೇಖಕರು ತಿಳಿಸಬೇಕು."

ಉತ್ತರ ಕಳಿಸಿ.

ಸಂಪಾದಕಿ


ಏಪ್ರಿಲ್ 21

ಸಂಪಾದಕರೇ,

ನಿಮ್ಮ ಎರಡನೇ ಪರಿಶೀಲಕರು ವಾರ್ಡಿನ ಬಾಗಿಲು ದಾಟಿದವರಲ್ಲ ಎಂದು ಕಾಣುತ್ತದೆ. ದಾಟಿದ್ದರೆ ಹೀಗೆ ಮೊಸರಲ್ಲಿ ಕಲ್ಲು ಹುಡುಕುತ್ತಿರಲಿಲ್ಲ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವುದು ಎಲ್ಲ ಆಸ್ಪತ್ರೆಗಳಲ್ಲೂ ನಡೆಯುವುದೇ. ನಾನು ಕಲಿತದ್ದೂ ಹಾಗೆ, ಕಲಿಸಿದ್ದೂ ಹಾಗೆ. ಅಂಕಿ ಒಂದೆರಡು ಆಚೀಚೆ ಆಗಿದ್ದರೆ, ಗುಣಿಸಿದ ಮೇಲೆ ಮಗುವಿನ ಸ್ಥಿತಿ ನೋಡಿ ನರ್ಸ್ ಸರಿಪಡಿಸಿರಬಹುದು. ಅದರಿಂದ ಆಕಾಶವೇನೂ ಕಳಚಿ ಬೀಳುವುದಿಲ್ಲ.

ನಮ್ಮದು ಸಣ್ಣ ಆಸ್ಪತ್ರೆ. ದೊಡ್ಡ ಆಸ್ಪತ್ರೆಯಿಂದ ಬಂದ ಪ್ರಬಂಧವಾಗಿದ್ದರೆ "ಯಾರದೋ ತಲೆಯಿಂದ" ಎಂಬ ಮಾತು ಬರುತ್ತಿತ್ತೇ ಎಂದು ನಿಮ್ಮನ್ನೇ ಕೇಳಿಕೊಳ್ಳಿ.

ವೈದ್ಯ


ಏಪ್ರಿಲ್ 30

ಡಾಕ್ಟರೇ,

ಪರಿಶೀಲಕರಿಗೆ ನಿಮ್ಮ ಆಸ್ಪತ್ರೆ ಸಣ್ಣದೋ ದೊಡ್ಡದೋ ಗೊತ್ತಿಲ್ಲ. ಅವರು ನೋಡಿದ್ದು ಅಂಕಿಗಳನ್ನು ಮಾತ್ರ.

"ಸರಿಪಡಿಸಿರಬಹುದು" ಎಂದು ಬರೆದಿದ್ದೀರಿ. ಈ ಒಂದು ಪದ ಸಾಕು ನಿಮ್ಮ ಪ್ರಬಂಧವನ್ನು ಕಸದ ಬುಟ್ಟಿಗೆ ಹಾಕಲು. ಎಣಿಸಿದವರನ್ನು ಕೇಳಿ ಬರೆದಿರೋ, ಊಹಿಸಿ ಬರೆದಿರೋ ಗೊತ್ತಾಗಲಿಲ್ಲ.

ಎಣಿಕೆ ಬರೆದ ಮೂಲ ರಿಜಿಸ್ಟರುಗಳನ್ನು ನಾಲ್ಕು ವಾರದೊಳಗೆ ಕಳಿಸಿಕೊಡಿ. ಬರದಿದ್ದರೆ ನಿಯಮದಂತೆ ನಾನು ಮುಂದಿನ ಕ್ರಮ ತೆಗೆದುಕೊಳ್ಳಬೇಕಾಗುತ್ತದೆ.

ಸಂಪಾದಕಿ


ಜೂನ್ 6

ಸಂಪಾದಕರೇ,

ನೀವು ಕೊಟ್ಟ ಗಡುವು ಮೀರಿದೆ. ಹನ್ನೆರಡು ರಿಜಿಸ್ಟರುಗಳನ್ನು ಇವತ್ತು ಪಾರ್ಸೆಲ್ ಮಾಡಿದ್ದೇನೆ. ಗಾಯಕ್ಕೆ ಕಟ್ಟುವ ಬಟ್ಟೆಯ ಪಟ್ಟಿಯಲ್ಲಿ ಅವನ್ನು ಕಟ್ಟಿರುವುದು ನಾನಲ್ಲ, ನಮ್ಮ ವಾರ್ಡಿನ ದೊಡ್ಡಕ್ಕ. ಗಂಟು ಬಿಚ್ಚಲು ಕಷ್ಟವಾದರೆ ಕತ್ತರಿಸಬಾರದಂತೆ, ಒಂದು ತುದಿ ಹಿಡಿದು ಎಳೆದರೆ ತಾನೇ ಬಿಚ್ಚಿಕೊಳ್ಳುತ್ತದಂತೆ.

ತಡವೇಕಾಯಿತು ಎಂದು ಹೇಳದೆ ಇದ್ದರೆ ಈ ಕಾಗದಕ್ಕೆ ಅರ್ಥವಿಲ್ಲ. ಏಪ್ರಿಲ್ ಇಪ್ಪತ್ತೊಂದರಂದು ಅಷ್ಟು ಜೋರಾಗಿ ಬರೆದೆನಲ್ಲ, ಆಗ ನಾನು ಯಾರನ್ನೂ ಕೇಳಿರಲಿಲ್ಲ. ಅದಾದ ಮೇಲೂ ಆರು ವಾರ ಕೇಳಲಿಲ್ಲ. ನನಗೆ ಹೆದರಿಕೆಯಾಗಿತ್ತು. ಹನ್ನೆರಡು ವರ್ಷ ನಾನು ನಂಬಿದ ಅಂಕಿಗಳನ್ನು ದೊಡ್ಡಕ್ಕ ಕುರ್ಚಿಯಲ್ಲಿ ಕೂತು ಮನಸ್ಸಿಗೆ ಬಂದಂತೆ ತುಂಬಿಸಿಬಿಟ್ಟಿದ್ದರೆ? ಕೇಳಿದರೆ ಅವರು "ಹೌದು" ಅಂದುಬಿಟ್ಟರೆ? ದಿನಾ ಬೆಳಿಗ್ಗೆ ಅವರ ಮುಖ ನೋಡಿದಾಗ ಈ ಪ್ರಶ್ನೆ ಬಾಯಿಗೆ ಬರುತ್ತಿತ್ತು, ನುಂಗಿಕೊಳ್ಳುತ್ತಿದ್ದೆ.

ದೊಡ್ಡಕ್ಕ ಅಂದರೆ ಹಗಲು ಪಾಳಿಯ ಹಿರಿಯ ನರ್ಸ್. ನನಗಿಂತ ಏಳು ವರ್ಷ ದೊಡ್ಡವರು. ವಾರ್ಡಿನಲ್ಲಿ ಎಲ್ಲರಿಗೂ ಅವರು ದೊಡ್ಡಕ್ಕನೇ, ನನಗೂ. ಪ್ರಬಂಧದಲ್ಲಿರುವ ಎಣಿಕೆಗಳೆಲ್ಲ ಅವರೊಬ್ಬರವೇ. ಅವರು ರಜೆಯಲ್ಲಿದ್ದ ದಿನಗಳನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ.

ಮೊನ್ನೆ ಬೆಳಿಗ್ಗೆ ಹನ್ನೊಂದಕ್ಕೆ, ಎಣಿಸುವ ಹೊತ್ತಿಗೆ ಸರಿಯಾಗಿ, ಏನೂ ಹೇಳದೆ ಹೋಗಿ ಅವರ ಹಿಂದೆ ನಿಂತೆ. ಹನ್ನೆರಡು ವರ್ಷದಲ್ಲಿ ಇದೇ ಮೊದಲ ಸಲ. ಅವರು ಮೂರನೇ ತೊಟ್ಟಿಲಿನ ಕೂಸಿನ ಹೊದಿಕೆ ಸರಿಸಿದರು. ಗಡಿಯಾರದ ಕೆಂಪು ಮುಳ್ಳು ಹನ್ನೆರಡಕ್ಕೆ ಬರುವವರೆಗೂ ಕಾದರು. ಆಮೇಲೆ ಕೂಸಿನ ಹೊಟ್ಟೆಯ ಮೇಲೆ ಕಣ್ಣಿಟ್ಟರು. ಹದಿನೈದು ಸೆಕೆಂಡಾಯಿತು, ತಲೆ ಎತ್ತಲಿಲ್ಲ. ಮೂವತ್ತಾಯಿತು. "ದೊಡ್ಡಕ್ಕ" ಎಂದೆ. ಎಡಗೈ ಎತ್ತಿ ಸುಮ್ಮನಿರಿ ಎಂಬಂತೆ ತಡೆದರು. ಮುಳ್ಳು ಪೂರ್ತಿ ಒಂದು ಸುತ್ತು ಬಂದ ಮೇಲೆ ರಿಜಿಸ್ಟರಿನಲ್ಲಿ 47 ಎಂದು ಬರೆದು ನನ್ನ ಕಡೆ ತಿರುಗಿದರು.

"ಎಣಿಸೋವಾಗ ಮಾತಾಡಿಸ್ತಾರಾ ಡಾಕ್ಟ್ರೇ?"

"ಹದಿನೈದು ಸೆಕೆಂಡು ಸಾಕಲ್ವಾ? ನಾಲ್ಕರಿಂದ ಗುಣಿಸಿದ್ರೆ ಆಯ್ತಲ್ಲ."

ಅವರು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. "ಅದು ನಿಮ್ಮಂಥ ದೊಡ್ಡೋರಿಗೆ. ಇವಕ್ಕೆ ಇನ್ನೂ ಉಸಿರಾಡೋದು ಅಭ್ಯಾಸ ಆಗಿಲ್ಲ. ಒಂದಷ್ಟು ಹೊತ್ತು ಆಡ್ತವೆ, ಆಮೇಲೆ ಮರೆತುಬಿಡ್ತವೆ, ಮತ್ತೆ ನೆನಪು ಮಾಡ್ಕೊಳ್ತವೆ. ಮರೆತಿರೋವಾಗ ಎಣಿಸಿದ್ರೆ ಒಂದು ಲೆಕ್ಕ, ನೆನಪಿರೋವಾಗ ಎಣಿಸಿದ್ರೆ ಇನ್ನೊಂದು ಲೆಕ್ಕ. ಪೂರ್ತಿ ನಿಮಿಷ ನೋಡ್ದೆ ಏನಂತ ಬರೀಲಿ?"

ದಿನ ತುಂಬದೆ ಹುಟ್ಟಿದ ಕೂಸುಗಳ ಉಸಿರು ನಡುನಡುವೆ ನಿಲ್ಲುತ್ತದೆ ಎಂದು ನಾನೂ ಓದಿದ್ದೇನೆ, ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ತೆಗೆದಿದ್ದೇನೆ. ಆದರೆ ಒಂದು ನಿಮಿಷ ನಿಂತು ನೋಡಿರಲಿಲ್ಲ. ಅವರ ಪಕ್ಕ ನಿಂತು ನಾಲ್ಕನೇ ತೊಟ್ಟಿಲಿನ ಕೂಸನ್ನು ಎಣಿಸಲು ಶುರುಮಾಡಿದೆ. ಇಪ್ಪತ್ತೆಂಟನೇ ಉಸಿರಿಗೆ ಆ ಮಗು ನಿಂತುಬಿಟ್ಟಿತು. ಹೊಟ್ಟೆ ಅಲುಗಲಿಲ್ಲ. ಬೆರಳು ಅಲುಗಲಿಲ್ಲ. ನನ್ನ ಕೈ ತಾನೇ ಮುಂದೆ ಹೋಯಿತು. ದೊಡ್ಡಕ್ಕ ನನ್ನ ಮಣಿಕಟ್ಟು ಹಿಡಿದರು.

"ತಡೀರಿ. ನೆನಪಾಗುತ್ತೆ. ಹತ್ತು ಎಣಿಸೋದ್ರೊಳಗೆ ಬರ್ಲಿಲ್ಲ ಅಂದ್ರೆ ನಾನೇ ಅಂಗಾಲು ತಟ್ತೀನಿ."

ಏಳು ಸೆಕೆಂಡು. ಆ ಏಳು ಸೆಕೆಂಡು ನಾನೂ ಉಸಿರಾಡಲಿಲ್ಲ. ಆಮೇಲೆ ಆ ಪುಟ್ಟ ಹೊಟ್ಟೆ ಸಣ್ಣದಾಗಿ ಮೇಲೆದ್ದಿತು, ಏನೂ ಆಗಿಲ್ಲವೆಂಬಂತೆ ಮತ್ತೆ ಶುರುವಾಯಿತು. ನನ್ನ ಕಣ್ಣಲ್ಲಿ ನೀರು ಬಂದಿತ್ತು. ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ನಾನು ಕಂಡ ಅತಿ ದೊಡ್ಡ ವಿಷಯ ಅದು ಎಂದು ಆಗ ಅನಿಸಿತು, ಈಗಲೂ ಅನಿಸುತ್ತಿದೆ. ಇಂಥದ್ದನ್ನು ಅವರು ದಿನಕ್ಕೆ ಹತ್ತು ಹನ್ನೆರಡು ಸಲ ಕಂಡು, ಅಂಕಿ ಬರೆದು ಮುಂದಿನ ತೊಟ್ಟಿಲಿಗೆ ಹೋಗಿದ್ದಾರೆ.

ಲೆಕ್ಕ ಹಾಕಿದೆ. 41,236 ನಿಮಿಷ ಎಂದರೆ 687 ಗಂಟೆ. ಊಟ ನಿದ್ದೆ ಬಿಟ್ಟು ಇಪ್ಪತ್ತೆಂಟು ದಿನಕ್ಕೂ ಮಿಕ್ಕಿ ಒಬ್ಬರು ಬರೀ ಕೂಸುಗಳ ಹೊಟ್ಟೆಯನ್ನೇ ನೋಡುತ್ತ ನಿಂತಂತೆ. ಹದಿನೈದು ಸೆಕೆಂಡು ಎಂದು ಬರೆದದ್ದು ನಾನು. ಎಲ್ಲರೂ ನನ್ನಂತೆಯೇ ಎಂದುಕೊಂಡಿದ್ದೆ. ಎರಡನೇ ಪರಿಶೀಲಕರಿಗೆ ನನ್ನ ಕ್ಷಮೆ ತಿಳಿಸಿ.

ವೈದ್ಯ


ಜುಲೈ 20

ಡಾಕ್ಟರೇ,

ರಿಜಿಸ್ಟರುಗಳು ತಲುಪಿ ಆರು ವಾರವಾಯಿತು. ಗಂಟನ್ನು ಕತ್ತರಿಸಿಲ್ಲ. ಅವು ಎರಡನೇ ಪರಿಶೀಲಕರ ಮನೆಯಲ್ಲಿವೆ. ನೀವು ಎರಡು ಸಲ ಫೋನ್ ಮಾಡಿದಿರಿ ಎಂದು ಕಚೇರಿಯವರು ಹೇಳಿದರು. ಹೇಳಲು ಏನೂ ಇರಲಿಲ್ಲ, ಆದ್ದರಿಂದ ಮಾತಾಡಲಿಲ್ಲ. ಅದನ್ನು ನೀವು ಸಿಟ್ಟೆಂದು ತಿಳಿದಿದ್ದರೆ ತಪ್ಪು.

ಪರಿಶೀಲಕರದು ಈ ಸಲವೂ ಒಂದೇ ಪ್ರಶ್ನೆ: "ಬಹಳಷ್ಟು ಅಂಕಿಗಳ ಪಕ್ಕ ಸಣ್ಣ ಚುಕ್ಕೆಗಳಿವೆ. ಕೆಲವಕ್ಕೆ ಒಂದು, ಕೆಲವಕ್ಕೆ ಮೂರು, ಕೆಲವಕ್ಕೆ ಏನೂ ಇಲ್ಲ. ಲೇಖಕರು ಕಳಿಸಿದ ಕಂಪ್ಯೂಟರ್ ಪ್ರತಿಯಲ್ಲಿ ಇವಿಲ್ಲ. ಏನಿವು?"

ಸಂಪಾದಕಿ


ಜುಲೈ 23

ಸಂಪಾದಕರೇ,

ನೆಲ ಬಾಯಿ ಬಿಟ್ಟರೆ ಇಳಿದುಹೋಗೋಣ ಎನಿಸುತ್ತಿದೆ. ರಿಜಿಸ್ಟರುಗಳನ್ನು ಕಂಪ್ಯೂಟರಿಗೆ ಏರಿಸುವಾಗ ಟೈಪು ಮಾಡುವಾಕೆ ಇದೇ ಪ್ರಶ್ನೆ ಕೇಳಿದ್ದಳು. "ಪೆನ್ನು ಊರಿದ ಗುರುತಮ್ಮಾ, ಬಿಟ್ಟುಬಿಡು" ಎಂದಿದ್ದೆ.

ಈ ಸಲ ಕೂಡಲೇ ಹೋಗಿ ಕೇಳಿದೆ. ದೊಡ್ಡಕ್ಕ ಹಾಲಿನ ಬಾಟಲಿಗಳನ್ನು ಕುದಿಯುವ ನೀರಿಗೆ ಇಳಿಸುತ್ತಿದ್ದರು.

"ಅದಾ? ಮಗು ಮರೆತಾಗೆಲ್ಲ ಒಂದೊಂದು ಚುಕ್ಕೆ. ಐದು ಎಣಿಸೋವಷ್ಟು ಹೊತ್ತು ಸುಮ್ನಿದ್ರೆ ಮಾತ್ರ ಇಡ್ತೀನಿ. ಅದಕ್ಕಿಂತ ಕಮ್ಮಿಯಾದ್ರೆ ಅದು ಮರೆವಲ್ಲ, ಸೋಮಾರಿತನ."

"ಹನ್ನೆರಡು ವರ್ಷದಿಂದಾನಾ?"

"ಮೊದಲ ದಿನದಿಂದ. ನೀವು ಮಾಡಿಕೊಟ್ಟ ರಿಜಿಸ್ಟರಲ್ಲಿ ಅದಕ್ಕೊಂದು ಕಾಲಂ ಇರ್ಲಿಲ್ಲ. ಎಲ್ಲಿ ಬರೀಲಿ, ನನ್ನ ತಲೆ ಮೇಲೆ ಬರ್ಕೊಳ್ಲಾ?"

"ನನಗೆ ಯಾಕೆ ಹೇಳ್ಲಿಲ್ಲ ದೊಡ್ಡಕ್ಕ?"

"ಹೇಳಿದ್ದೆ. ಒಂದು ಸಲ ಅಲ್ಲ, ಎರಡು ಸಲ. ನೀವು ಫೋನಲ್ಲಿದ್ರಿ."

ಇರಬಹುದು. ನನಗೆ ನೆನಪಿಲ್ಲ.

ವೈದ್ಯ


ಸೆಪ್ಟೆಂಬರ್ 2

ಡಾಕ್ಟರೇ,

ಇಷ್ಟು ದಿನ ನಿಮಗೆ ಕಚೇರಿ ಕಾಗದಗಳನ್ನು ಬರೆದೆ. ಇವತ್ತು ಸ್ವಲ್ಪ ಉದ್ದವಾಗುತ್ತದೆ.

ಎರಡನೇ ಪರಿಶೀಲಕರು ವೈದ್ಯರಲ್ಲ, ನಿವೃತ್ತ ಗಣಿತದ ಮೇಷ್ಟ್ರು. ವಾರ್ಡಿನ ಬಾಗಿಲು ದಾಟಿದವರಲ್ಲ ಎಂದಿರಲ್ಲ, ಅದು ನಿಜ. ಅವರು ಆರು ವಾರ ಮನೆಯ ಹಜಾರದಲ್ಲಿ ಹನ್ನೆರಡು ರಿಜಿಸ್ಟರುಗಳನ್ನು ಹರಡಿಕೊಂಡು ಒಂದೊಂದು ಚುಕ್ಕೆಯನ್ನೂ ಎಣಿಸಿದ್ದಾರೆ. ಮನೆಯವರು ಕಾಲಿಡಲು ಜಾಗವಿಲ್ಲದೆ ಬೈದರಂತೆ. ಕೊನೆಗೆ ಅವರ ಹೆಂಡತಿಯೂ ಜೊತೆಗೆ ಕೂತು ಎಣಿಸಿದ್ದಾರೆ. ಇಬ್ಬರ ಲೆಕ್ಕವೂ ತಾಳೆಯಾಗಿದೆ.

ಅವರಿಗೆ ಕಂಡದ್ದು ಇದು. ಉಸಿರಿನ ಎಣಿಕೆ ಏರುವುದು ಕಾಯಿಲೆ ಕಾಣುವ ಆರು ಗಂಟೆ ಮೊದಲು, ನೀವು ಬರೆದದ್ದು ಸರಿ. ಆದರೆ ಚುಕ್ಕೆಗಳು ಹೆಚ್ಚುವುದು ಒಂದು ದಿನ ಮೊದಲು. ಅಂಕಿ ಇನ್ನೂ ಸರಿಯಾಗಿಯೇ ಇರುತ್ತದೆ, ಮಗು ಹಾಲು ಕುಡಿಯುತ್ತಿರುತ್ತದೆ, ಮೈ ಬೆಚ್ಚಗಿರುತ್ತದೆ, ಆದರೆ ಅದು ಎಂದಿಗಿಂತ ಹೆಚ್ಚು ಸಲ ಉಸಿರು ಮರೆಯತೊಡಗುತ್ತದೆ. ಸೋಂಕು ತಗುಲಿದ 203 ಮಕ್ಕಳಲ್ಲಿ 171 ಮಕ್ಕಳ ಪುಟದಲ್ಲಿ ಹೀಗಿದೆ. ಪೂರ್ತಿ ಒಂದು ದಿನ, ಡಾಕ್ಟರೇ! ಫೋನಿನಲ್ಲಿ ಇದನ್ನು ಹೇಳುವಾಗ ಮೇಷ್ಟ್ರು ಒಂದೊಂದು ಅಂಕಿಯನ್ನೂ ಎರಡೆರಡು ಸಲ ಓದಿದರು. "ನಾನು ಕಳ್ಳನನ್ನು ಹಿಡಿಯೋಕೆ ಹೊರಟಿದ್ದೆ ತಾಯಿ" ಎಂದರು.

ನಿಮಗೆ ತಿಳಿಸದೆ ಇಟ್ಟ ಎರಡು ವಿಷಯಗಳಿವೆ. ಗಡುವು ಮುಗಿದು ಒಂದು ವಾರ ಕಾದ ಮೇಲೆ, ಅಂಕಿಗಳು ಕಟ್ಟುಕಥೆಯೆಂದು ಸಂಶಯವಿದೆ, ವಿಚಾರಣೆ ಮಾಡಿ ಎಂದು ನಿಮ್ಮ ಆಸ್ಪತ್ರೆಯ ಮುಖ್ಯಸ್ಥರಿಗೆ ಪತ್ರ ಬರೆದಿದ್ದೆ. ನಿಮ್ಮ ಪಾರ್ಸೆಲ್ ಬಂದ ದಿನ ಅದು ಸಹಿಯಾಗಿ ನನ್ನ ಮೇಜಿನ ಮೇಲಿತ್ತು. ಇನ್ನೊಂದು ದಿನ ತಡವಾಗಿದ್ದರೆ ಅಂಚೆಗೆ ಹೋಗುತ್ತಿತ್ತು. ಎರಡನೆಯದು, ಈ ಕುರ್ಚಿಗೆ ಬರುವ ಮೊದಲು ನಾನೂ ಹನ್ನೊಂದು ವರ್ಷ ಕೂಸುಗಳ ವಾರ್ಡಿನಲ್ಲಿದ್ದೆ. ಒಂದು ದಿನವೂ ಹದಿನೈದು ಸೆಕೆಂಡಿಗಿಂತ ಹೆಚ್ಚು ಹೊತ್ತು ಎಣಿಸಲಿಲ್ಲ. ಎಷ್ಟು ಕೂಸುಗಳು ನನ್ನ ಕಣ್ಣೆದುರೇ ಮರೆತವೋ, ನಾನು ನಾಲ್ಕರಿಂದ ಗುಣಿಸಿ ಮುಂದೆ ಹೋದೆನೋ. ಇದನ್ನು ಯಾರ ಹತ್ತಿರವಾದರೂ ಹೇಳಬೇಕಿತ್ತು.

ಪ್ರಬಂಧವನ್ನು ಚುಕ್ಕೆಗಳ ಸುತ್ತ ಹೊಸದಾಗಿ ಬರೆಯಿರಿ, ಅಚ್ಚು ಮಾಡುತ್ತೇವೆ. ಲೇಖಕರು ಸಹಿ ಮಾಡಬೇಕಾದ ಒಪ್ಪಿಗೆ ಪತ್ರದ ಎರಡು ಪ್ರತಿಗಳು ಇದರ ಜೊತೆಗಿವೆ. ಒಂದು ಮಾತು ಮಾತ್ರ. ನಿಮ್ಮ ಹಸ್ತಪ್ರತಿಯಲ್ಲಿ ಲೇಖಕರು ಎಂದಿರುವ ಕಡೆ ಒಂದೇ ಹೆಸರಿದೆ, ಕೊನೆಗೆ "ವಾರ್ಡಿನ ಸಿಬ್ಬಂದಿಗೆ ಕೃತಜ್ಞತೆಗಳು" ಎಂದಿದೆ. ನಾನು ಹುಡುಕಿದೆ, ದೊಡ್ಡಕ್ಕ ಎಲ್ಲಿಯೂ ಇಲ್ಲ.

ಸಂಪಾದಕಿ


ಸೆಪ್ಟೆಂಬರ್ 10

ಸಂಪಾದಕರೇ,

ನಿಮ್ಮ ಪತ್ರವನ್ನು ವಾರ್ಡಿನಲ್ಲಿ ಗಟ್ಟಿಯಾಗಿ ಓದಿದೆ, ಆ ಕೊನೆಯ ಪ್ಯಾರಾವನ್ನೂ ಬಿಡದೆ. ಬಿಡೋಣ ಎಂದುಕೊಂಡಿದ್ದೆ, ನಾಚಿಕೆಯಾಯಿತು. ಹೊಸ ಪ್ರಬಂಧದಲ್ಲಿ ಅವರೇ ಮೊದಲ ಲೇಖಕರು, ನಾನು ಎರಡನೆಯವನು.

"ನಂಗ್ಯಾಕಪ್ಪ ಅದೆಲ್ಲ, ನಿವೃತ್ತಿಗೆ ಎಂಟು ತಿಂಗಳಿದೆ" ಅಂದರು ದೊಡ್ಡಕ್ಕ. ಲೇಖಕರಾಗದೆ ಇದ್ದರೆ ಪ್ರಬಂಧ ಅಚ್ಚಾಗುವುದಿಲ್ಲ ಎಂದು ಸಣ್ಣ ಸುಳ್ಳು ಹೇಳಿದೆ. ಚುಕ್ಕೆಯ ಮಾತು ಕೇಳಿ ಮಾತ್ರ ಅವರು ಮಡಚುತ್ತಿದ್ದ ಹೊದಿಕೆ ಪಕ್ಕಕ್ಕಿಟ್ಟು ಕೂತರು. "ಒಂದು ದಿನ ಮೊದ್ಲೇನಾ? ಅಂದ್ರೆ ಹೋದ ವರ್ಷದ ಆ ಒಂಬತ್ತು ಮಕ್ಕಳು ನಂಗೆ ಮೊದ್ಲೇ ಹೇಳಿದ್ವು" ಎಂದು ಎದ್ದು ಹೋದರು. ಅವು ಅವರಿಗೆ ಹೇಳಿದ್ದವು, ಅವರು ನನಗೆ ಹೇಳಿದ್ದರು.

ಈಗ ನಮ್ಮಲ್ಲಿ ಮೂರು ಪಾಳಿಯವರೂ ಚುಕ್ಕೆ ಇಡುತ್ತಿದ್ದಾರೆ. ಕಳೆದ ಗುರುವಾರ ಎರಡನೇ ತೊಟ್ಟಿಲಿನ ಹೆಣ್ಣು ಕೂಸಿಗೆ ಚುಕ್ಕೆಗಳು ಹೆಚ್ಚಿದವು, ಬೇರೆ ಏನೂ ಇರಲಿಲ್ಲ. ಧೈರ್ಯ ಮಾಡಿ ಔಷಧಿ ಶುರುಮಾಡಿದೆ. ರಕ್ತಪರೀಕ್ಷೆಯಲ್ಲಿ ಸೋಂಕು ಇದೆಯೆಂದು ಶನಿವಾರ ಬಂತು. ಅಷ್ಟರಲ್ಲಿ ಕೂಸು ಚೆನ್ನಾಗಿ ಹಾಲು ಕುಡಿಯುತ್ತಿತ್ತು.

ನೀವು ಕಳಿಸಿದ ಲೇಖಕರ ಒಪ್ಪಿಗೆ ಪತ್ರಗಳಲ್ಲಿ ನನ್ನದು ಇದರ ಜೊತೆಗಿದೆ. ಅವರದು ಇಲ್ಲ. "ಓದದೆ ಸಹಿ ಹಾಕೋದು ನಿಮ್ಮ ಅಭ್ಯಾಸ, ನಂದಲ್ಲ" ಎಂದು ಮನೆಗೆ ಒಯ್ದಿದ್ದಾರೆ. ನಾಲ್ಕು ದಿನವಾಯಿತು. ಕೇಳಿದರೆ, "ನಾನೇ ಬರೀತೀನಿ ಅವ್ರಿಗೆ" ಅನ್ನುತ್ತಾರೆ. ಏನೆಂದು ಹೇಳುತ್ತಿಲ್ಲ.

ವೈದ್ಯ


ಸೆಪ್ಟೆಂಬರ್ 15

ಸಂಪಾದಕಿಯಮ್ಮನವರಿಗೆ ನಮಸ್ಕಾರ.

ನೀವು ಕಳಿಸಿದ ಹಾಳೆಯನ್ನು ಮೂರು ಸಲ ಓದಿದೆ. "ಇದರಲ್ಲಿರುವ ಪ್ರತಿಯೊಂದು ಅಂಕಿಗೂ ನಾನು ಜವಾಬ್ದಾರಳು" ಎಂಬ ಸಾಲಿನ ಕೆಳಗೆ ಸಹಿ ಕೇಳಿದ್ದೀರಿ. ಈಗಲೇ ಸಹಿ ಮಾಡಲು ನನಗೆ ಆಗುವುದಿಲ್ಲ.

ಏಳನೇ ರಿಜಿಸ್ಟರಿನಲ್ಲಿ 112ನೇ ಪುಟ ತೆಗೆಯಿರಿ. ಕೆಳಗಿನಿಂದ ಮೂರನೇ ಸಾಲು, ಮಧ್ಯಾಹ್ನ ಎರಡು ಗಂಟೆಯ ಎಣಿಕೆ. 52 ಎಂದಿದೆ. ಅದನ್ನು ನಾನು ಎಣಿಸಿಲ್ಲ.

ಆ ಮಧ್ಯಾಹ್ನ ಎಣಿಸಲು ಶುರುಮಾಡಿದ್ದೆ. ಆಗ ಫೋನ್ ಬಂತು, ನನ್ನ ತಮ್ಮ ತೀರಿಕೊಂಡನೆಂದು. ನಾನೇ ಎತ್ತಿ ಆಡಿಸಿ ಬೆಳೆಸಿದ ತಮ್ಮ. ಫೋನ್ ಇಟ್ಟು ಬಂದು ತೊಟ್ಟಿಲಿನ ಮುಂದೆ ನಿಂತೆ. ಮಗುವಿನ ಹೊಟ್ಟೆ ಕಾಣುತ್ತಿತ್ತು, ಎಣಿಸಲು ಆಗಲಿಲ್ಲ. ಬೆಳಿಗ್ಗೆ 52 ಇತ್ತು, ಅದನ್ನೇ ಬರೆದು ರಿಜಿಸ್ಟರ್ ಮುಚ್ಚಿ ಊರಿಗೆ ಹೊರಟೆ. ಚುಕ್ಕೆಯನ್ನೂ ಇಡಲಿಲ್ಲ. ಅದು ಮರೆತಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ.

ಆ ಮಗುವಿಗೆ ಏನೂ ಆಗಲಿಲ್ಲ, ಹದಿನಾಲ್ಕನೇ ದಿನ ಮನೆಗೆ ಹೋಯಿತು. ಈಗ ಶಾಲೆಗೆ ಹೋಗುತ್ತಿರಬೇಕು. ಡಾಕ್ಟರಿಗೆ ಇದನ್ನು ಹೇಳಿರಲಿಲ್ಲ, ಮನೆಯಲ್ಲೂ ಹೇಳಿರಲಿಲ್ಲ. ಬೇರೆ ಯಾವ ಅಂಕಿಯ ಬಗ್ಗೆಯೂ ನನಗೆ ಸಂಶಯವಿಲ್ಲ. ನಾಲ್ಕು ದಿನ ಕೂತು ನೆನಪು ಮಾಡಿಕೊಂಡೆ. ಇದೊಂದೇ.

ದಯವಿಟ್ಟು ಅದನ್ನು ತೆಗೆದುಹಾಕಿ. ತೆಗೆದ ಮೇಲೆ ಹಾಳೆ ಕಳಿಸಿದರೆ ಸಹಿ ಮಾಡುತ್ತೇನೆ. ಇದರಿಂದ ಡಾಕ್ಟರ ಪ್ರಬಂಧ ನಿಂತುಹೋಗುವುದಾದರೆ ತಪ್ಪು ನನ್ನದು, ಅವರದಲ್ಲ.

ಹಗಲು ಪಾಳಿಯ ನರ್ಸ್


ಸೆಪ್ಟೆಂಬರ್ 21

ದೊಡ್ಡಕ್ಕನವರೇ,

ನಿಮ್ಮನ್ನು ಹಾಗೆ ಕರೆಯಲು ನನಗೆ ಯಾವ ಸಲಿಗೆಯೂ ಇಲ್ಲ, ಆದರೂ ಕರೆಯುತ್ತಿದ್ದೇನೆ.

ನೀವು ಹೇಳಿದ ಎಣಿಕೆಯನ್ನು ತೆಗೆದಿದ್ದೇವೆ. ಕೋಷ್ಟಕದ ಕೆಳಗೆ "ಮೊದಲ ಲೇಖಕರ ಕೋರಿಕೆಯಂತೆ ಒಂದು ಎಣಿಕೆಯನ್ನು ಕೈಬಿಡಲಾಗಿದೆ" ಎಂದು ಅಚ್ಚಾಗುತ್ತದೆ. ಕಾರಣ ಬರೆಯುವುದಿಲ್ಲ. ಪ್ರಬಂಧ ನಿಲ್ಲುವುದಿಲ್ಲ. ಹೊಸ ಹಾಳೆ ಇದರ ಜೊತೆಗಿದೆ. ನಿಮ್ಮ ತಮ್ಮನ ವಿಷಯ ಓದಿ ದುಃಖವಾಯಿತು.

ಇಂಥ ಬದಲಾವಣೆಯನ್ನು ಪರಿಶೀಲಕರಿಗೆ ತಿಳಿಸಬೇಕು ಎಂಬ ನಿಯಮವಿರುವುದರಿಂದ ನಿಮ್ಮ ಪತ್ರವನ್ನು ಮೇಷ್ಟ್ರಿಗೆ ಕಳಿಸಿದ್ದೆ. ಯಾವ ಲೆಕ್ಕದಿಂದಲೂ ಆ 52ನ್ನು ಹಿಡಿಯಲು ತಮಗೆ ಆಗುತ್ತಿರಲಿಲ್ಲ ಎಂದರು ಅವರು. ನಮ್ಮ ಪತ್ರಿಕೆಗೆ ಹತ್ತೊಂಬತ್ತು ವರ್ಷದಿಂದ ಪರಿಶೀಲನೆ ಮಾಡುತ್ತಿದ್ದಾರೆ, ಒಂದು ಪ್ರಬಂಧವನ್ನೂ ಸಂಶಯವಿಲ್ಲದೆ ದಾಟಿಸಿದವರಲ್ಲ. ಅವರ ಅಂತಿಮ ವರದಿ ಇವತ್ತು ಬೆಳಿಗ್ಗೆ ಬಂತು. ಇದ್ದಂತೆ ಇಳಿಸುತ್ತಿದ್ದೇನೆ:

"ಉಳಿದ 41,235ನ್ನೂ ನಾನು ನಂಬುತ್ತೇನೆ. ಇನ್ನು ನನ್ನ ಪ್ರಶ್ನೆಗಳಿಲ್ಲ."

ಸಂಪಾದಕಿ